ನನ್ನ ರೇಡಿಯೋದ ಮೆಮೊರಿ: ಎರಡು ಮೀಟರ್ ಬ್ಯಾಂಡಿನಲ್ಲಿ ಎಲ್ಲಿ ಏನು ಕೇಳುತ್ತೇನೆ

ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಪಡೆದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ. ‘ಕಾಲ್‌ಸೈನ್ ಬಂತು, ಹ್ಯಾಂಡಿ ಬಂತು. ಈಗ ಯಾವ ಫ್ರೀಕ್ವೆನ್ಸಿಗೆ ಹೋಗಿ ಮಾತಾಡೋದು?’ ಕಾಲ್‌ಸೈನ್ ಅಂದರೆ ಲೈಸೆನ್ಸ್ ಜೊತೆ ಸಿಗುವ ಗುರುತಿನ ಹೆಸರು, ಹ್ಯಾಂಡಿ ಅಂದರೆ ಕೈಯಲ್ಲಿ ಹಿಡಿಯುವ ರೇಡಿಯೋ. ಇವರಿಗೆ ಒಂದು ನಂಬರ್ ಹೇಳಿ ಕಳಿಸಿಬಿಡಬಹುದು. ಆದರೆ ಅಷ್ಟೇ ಹೇಳಿದರೆ ಅವರು ಆ ಒಂದು ಚಾನೆಲ್‌ನಲ್ಲಿ ನಾಲ್ಕು ಸಲ ಕರೆಯುತ್ತಾರೆ, ಯಾರೂ ಸಿಗುವುದಿಲ್ಲ, ರೇಡಿಯೋ ಕಪಾಟು ಸೇರುತ್ತದೆ. ಹೀಗೆ ಕಪಾಟು ಸೇರಿದ ರೇಡಿಯೋಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಬ್ಯಾಂಡ್ ಸತ್ತುಹೋಗಿದೆ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಎರಡು ಮೀಟರ್ ಬ್ಯಾಂಡಿನಲ್ಲಿ (ಹ್ಯಾಮ್‌ಗಳಿಗೆ ಕೊಟ್ಟ, ತರಂಗದ ಉದ್ದ ಸುಮಾರು ಎರಡು ಮೀಟರ್ ಇರುವ ಫ್ರೀಕ್ವೆನ್ಸಿಗಳ ತುಂಡಿನಲ್ಲಿ) ಒಂದೊಂದು ಮೂಲೆಗೂ ಒಂದೊಂದು ಕೆಲಸವಿದೆ, ಅದರದೇ ಜನ ಇದ್ದಾರೆ. ನಾವು ಕೂತ ಮೂಲೆ, ಹಾಕಿದ ಮೋಡ್ (ಎಫ್‌ಎಂ, ಮೋರ್ಸ್‌ನಂಥ ಕಳಿಸುವ ಬಗೆ), ಹಿಡಿದ ಆಂಟೆನಾ ಮೂರೂ ಅಲ್ಲಿನ ಕೆಲಸಕ್ಕೆ ಹೊಂದಬೇಕು. ಅದಕ್ಕೇ ನಾನು ಬೇರೆಯವರ ಚಾನೆಲ್ ಫೈಲ್ ತಂದು ರೇಡಿಯೋಗೆ ಸುರಿಯುವುದಿಲ್ಲ. ನನ್ನ ಮೆಮೊರಿಯನ್ನು, ಅಂದರೆ ರೇಡಿಯೋದಲ್ಲಿ ಉಳಿಸಿಟ್ಟ ಚಾನೆಲ್‌ಗಳ ಪಟ್ಟಿಯನ್ನು, ನಾನೇ ತುಂಬಿಕೊಂಡಿದ್ದೇನೆ. ಅದರಲ್ಲಿ ಏನಿದೆ, ಯಾಕಿದೆ ಅಂತ ಇಲ್ಲಿ ಬರೆಯುತ್ತೇನೆ.

ಮೊದಲು ಬೇಲಿ ಎಲ್ಲಿದೆ ಅಂತ ನೋಡಿಬಿಡೋಣ. ರೇಡಿಯೋ ನಿಯಮಗಳಿಗಾಗಿ ಪ್ರಪಂಚವನ್ನು ಮೂರು ವಲಯ ಮಾಡಿದ್ದಾರೆ. ಯೂರೋಪ್, ಆಫ್ರಿಕಾ ಸೇರಿದ ಒಂದನೇ ವಲಯದಲ್ಲಿ ಈ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್. ಅಮೆರಿಕ ಖಂಡಗಳ ಎರಡನೇ ವಲಯದಲ್ಲಿ 148ರ ತನಕ ಹೋಗುತ್ತದೆ. ಏಷ್ಯಾದ ಬಹುಭಾಗ ಮತ್ತು ಆಸ್ಟ್ರೇಲಿಯಾ ಇರುವ ಮೂರನೇ ವಲಯದಲ್ಲೂ ಕಾಗದದ ಮೇಲೆ 148. ಆದರೆ ಭಾರತ, ಜಪಾನ್‌ನಂಥ ದೇಶಗಳು 146ಕ್ಕೇ ನಿಲ್ಲಿಸಿವೆ. ಹಾಗಾಗಿ ಇಂಟರ್‌ನೆಟ್‌ನಲ್ಲಿ ಸಿಕ್ಕ ಅಮೆರಿಕದ ಪಟ್ಟಿಯನ್ನು ಹಾಗೇ ತುಂಬಿಕೊಂಡರೆ, ಅದರ ಅರ್ಧ ಚಾನೆಲ್‌ಗಳು ಇನ್ನೊಂದು ದೇಶದಲ್ಲಿ ಬೇರೆ ಇಲಾಖೆಯ ಜಾಗದಲ್ಲಿ ಬೀಳಬಹುದು. ಅಗ್ಗದ ಹ್ಯಾಂಡಿಗಳು 136ರಿಂದ 174ರವರೆಗೆ ಎಲ್ಲಿ ಬೇಕಾದರೂ ಸಿಗ್ನಲ್ ಕಳಿಸುತ್ತವೆ, ತಡೆಯುವುದಿಲ್ಲ. ಬ್ಯಾಂಡಿನ ಕೆಳಗೆ 137ರ ತನಕ ವಿಮಾನಗಳ ಮಾತುಕತೆ. ಮೇಲೆ 156.800ರಲ್ಲಿ ಹಡಗುಗಳ ತುರ್ತು ಕರೆಯ ಚಾನೆಲ್ 16. ಈ ಎರಡರ ನಡುವೆ ನಮಗೆ ಕೊಟ್ಟಿರುವುದು ಸಣ್ಣ ತುಂಡು. ನಾನು ಬಳಸುವುದು 144ರಿಂದ 146 ಮಾತ್ರ, ಇಲ್ಲಿ ಬರೆಯುವುದೂ ಅದನ್ನೇ ಹಿಡಿದು.

ಬೇಲಿಯ ತುದಿಯಲ್ಲೂ ಒಂದು ವಿಷಯ ಇದೆ. ಡಯಲ್ ಮೇಲೆ 144.000 ಅಂತ ಇಟ್ಟು ಎಫ್‌ಎಂನಲ್ಲಿ ಮಾತಾಡಿದರೆ ನಾವು ಆಗಲೇ ಹೊರಗೆ. 5 ಕಿಲೋಹರ್ಟ್ಸ್ ಡೆವಿಯೇಶನ್ (ಮಾತಿಗೆ ತಕ್ಕಂತೆ ಫ್ರೀಕ್ವೆನ್ಸಿ ಆಚೀಚೆ ಸರಿಯುವ ಮಿತಿ), 3 ಕಿಲೋಹರ್ಟ್ಸ್ ತನಕದ ಧ್ವನಿ ಎರಡನ್ನೂ ಕೂಡಿಸಿ ಎರಡರಿಂದ ಗುಣಿಸಿದರೆ 16 ಕಿಲೋಹರ್ಟ್ಸ್ ಆಗುತ್ತದೆ. ಅಂದರೆ ಡಯಲ್ ತೋರಿಸುವ ಜಾಗದ ಎರಡೂ ಕಡೆ ಎಂಟೆಂಟು ಕಿಲೋಹರ್ಟ್ಸ್ ನಮ್ಮ ಸಿಗ್ನಲ್ ಹರಡಿರುತ್ತದೆ. ಈ 16ರ ಲೆಕ್ಕ ಮುಂದೆ ಮತ್ತೆ ಬೇಕಾಗುತ್ತದೆ.

ನನಗೆ ಈ ಬ್ಯಾಂಡ್ ನಿಜವಾಗಿ ಅರ್ಥವಾಗಿದ್ದು ಮಾತಾಡಿ ಅಲ್ಲ, ನೋಡಿ. ಯುಎಸ್‌ಬಿಗೆ ಚುಚ್ಚುವ ಆರ್‌ಟಿಎಲ್-ಎಸ್‌ಡಿಆರ್ ಅನ್ನೋ ಸಣ್ಣ ರಿಸೀವರ್ ಇದೆ. ಅದನ್ನು ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್‌ಗೆ ಇಟ್ಟು, ನಡುವೆ 145.000 ಹಾಕಿದರೆ, 144ರಿಂದ 146ರ ತನಕ ಇಡೀ ಬ್ಯಾಂಡ್ ಒಂದೇ ಪರದೆಯಲ್ಲಿ ಕಾಣುತ್ತದೆ. ಸಾಫ್ಟ್‌ವೇರ್‌ನಲ್ಲಿ ಸಿಗ್ನಲ್‌ಗಳು ಜಲಪಾತದಂತೆ ಕೆಳಗಿಳಿಯುತ್ತಾ ಹೋಗುತ್ತವೆ. ಹಾಗೇ ಓಡಲು ಬಿಟ್ಟು ಬೇರೆ ಕೆಲಸ ಮಾಡಿಕೊಂಡಿರುತ್ತೇನೆ, ಆಗಾಗ ತಿರುಗಿ ನೋಡುತ್ತೇನೆ. ರಿಪೀಟರ್‌ಗಳು (ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಮತ್ತೆ ಕಳಿಸುವ ಕೇಂದ್ರಗಳು) ದಪ್ಪ ಪಟ್ಟಿಯಾಗಿ ಬರುತ್ತವೆ. ಪ್ಯಾಕೆಟ್ ಡೇಟಾ (ತುಣುಕು ತುಣುಕಾಗಿ ಹೋಗುವ ಕಂಪ್ಯೂಟರ್ ಸಂದೇಶ) ಸಣ್ಣ ಚುಕ್ಕೆಯಾಗಿ ಬಂದು ಮಾಯವಾಗುತ್ತದೆ. ಬೀಕನ್ (ತನ್ನ ಗುರುತನ್ನು ಸದಾ ಕಳಿಸುತ್ತಿರುವ ಟ್ರಾನ್ಸ್‌ಮಿಟರ್) ಇದ್ದರೆ ತೆಳ್ಳಗೆ ಒಂದು ಗೆರೆ. ಎಲ್ಲೂ ಅಲ್ಲಾಡದೆ, ಇಪ್ಪತ್ನಾಲ್ಕು ಗಂಟೆಯೂ ಇರುವ ಗೆರೆ ಕಂಡರೆ ಅದು ಬಹುತೇಕ ಮನೆಯೊಳಗಿನ ಚಾರ್ಜರ್ ಅಥವಾ ಎಲ್‌ಇಡಿ ದೀಪದ ಗಲಾಟೆ. ಒಂದೊಂದೇ ಸ್ವಿಚ್ ಆರಿಸುತ್ತಾ ಬಂದರೆ ಕಳ್ಳ ಸಿಗುತ್ತಾನೆ.

ಹೀಗೆ ನೋಡುತ್ತಾ ಹೋದರೆ ಬ್ಯಾಂಡ್ ಎರಡು ಊರಾಗಿ ಒಡೆದಿರುವುದು ಗೊತ್ತಾಗುತ್ತದೆ. 144.500ರ ಕೆಳಗಿನದು ದುರ್ಬಲ ಸಿಗ್ನಲ್‌ಗಳ ಊರು: ಮೋರ್ಸ್, ಎಸ್‌ಎಸ್‌ಬಿ (ಕಮ್ಮಿ ಜಾಗ ಹಿಡಿಯುವ ಧ್ವನಿಯ ಮೋಡ್), ಎಫ್‌ಟಿ8 (ಕಂಪ್ಯೂಟರ್‌ನಿಂದ ನಡೆಯುವ ಡಿಜಿಟಲ್ ಮೋಡ್), ಬೀಕನ್. 145ರ ಮೇಲಿನದು ಎಫ್‌ಎಂ ಊರು: ರಿಪೀಟರ್, ಸಿಂಪ್ಲೆಕ್ಸ್ (ರಿಪೀಟರ್ ಇಲ್ಲದೆ ನೇರ ಮಾತು), ಕೊನೆಯಲ್ಲಿ ಉಪಗ್ರಹಗಳು. ನಡುವಿನ ಅರ್ಧ ಮೆಗಾಹರ್ಟ್ಸ್‌ನಲ್ಲಿ ಡಿಜಿಟಲ್ ಕೆಲಸಗಳು. ನನ್ನ ಮೆಮೊರಿಯ ಬ್ಯಾಂಕ್‌ಗಳೂ (ಚಾನೆಲ್‌ಗಳ ಗುಂಪುಗಳೂ) ಹೆಚ್ಚುಕಡಿಮೆ ಹೀಗೇ ಇವೆ.

ಒಂದನೇ ಚಾನೆಲ್ 145.500. ಒಂದನೇ ವಲಯದ ಬ್ಯಾಂಡ್ ಪ್ಲಾನ್‌ನಲ್ಲಿ ಇದು ಎಫ್‌ಎಂನ ಕಾಲಿಂಗ್ ಫ್ರೀಕ್ವೆನ್ಸಿ. ಅದರಾಚೆಯೂ ಅನೇಕ ಕಡೆ ಇದನ್ನೇ ಬಳಸುತ್ತಾರೆ. ಉತ್ತರ ಅಮೆರಿಕದಲ್ಲಿ ಇದೇ ಕೆಲಸ 146.520ಯದು. ಹಳೆಯ ಹ್ಯಾಮ್‌ಗಳು 145.500ನ್ನು ಎಸ್20 ಅನ್ನುತ್ತಾರೆ, ಹೊಸ ಲೆಕ್ಕದಲ್ಲಿ ವಿ40. ಹೊಸ ಲೆಕ್ಕ ಬಲು ಸುಲಭ. 145.000ದಿಂದ ಪ್ರತಿ 12.5 ಕಿಲೋಹರ್ಟ್ಸ್‌ಗೆ ಒಂದು ನಂಬರ್. 40ನ್ನು 12.5ರಿಂದ ಗುಣಿಸಿದರೆ 500, ಅಲ್ವಾ? ಅಷ್ಟೇ.

ಕಾಲಿಂಗ್ ಚಾನೆಲ್ ಇರುವುದು ಕರೆಯುವುದಕ್ಕೆ, ಹರಟುವುದಕ್ಕಲ್ಲ. ಯಾರಾದರೂ ಸಿಕ್ಕ ಕೂಡಲೇ ‘145.525ಕ್ಕೆ ಹೋಗೋಣ್ವಾ?’ ಅಂತ ಕೇಳಿ ಇಬ್ಬರೂ ಜಾಗ ಬಿಡಬೇಕು. ಅದಕ್ಕಾಗಿ ಮುಂದಿನ ಮೆಮೊರಿಗಳಲ್ಲಿ 145.475, 145.525, 145.550, 145.575 ಇಟ್ಟುಕೊಂಡಿದ್ದೇನೆ. ಕರೆಯುವ ಮೊದಲು ಅವುಗಳಲ್ಲಿ ಯಾವುದು ಖಾಲಿ ಇದೆ ಅಂತ ಒಮ್ಮೆ ಕೇಳಿಕೊಂಡಿರುತ್ತೇನೆ. ಇಲ್ಲದಿದ್ದರೆ ಅಲ್ಲಿಗೆ ಹೋದ ಮೇಲೆ ಇನ್ನೊಬ್ಬರ ಮಾತಿನ ಮೇಲೆ ಬಿದ್ದು, ಮತ್ತೆ ಕಾಲಿಂಗ್ ಚಾನೆಲ್‌ಗೆ ಬಂದು, ಮತ್ತೆ ಜಾಗ ಹುಡುಕಬೇಕು. 145.375ರಲ್ಲಿ ಮಾತ್ರ ಎಫ್‌ಎಂನಲ್ಲಿ ಕೂರುವುದಿಲ್ಲ, ಅದು ಡಿಜಿಟಲ್ ಧ್ವನಿಯವರ ಕಾಲಿಂಗ್ ಜಾಗ. ಅಲ್ಲಿ ಕರಕರ ಸದ್ದು ಕೇಳಿದರೆ ರೇಡಿಯೋ ಕೆಟ್ಟಿಲ್ಲ, ಡಿಜಿಟಲ್‌ನಲ್ಲಿ ಯಾರೋ ಮಾತಾಡುತ್ತಿದ್ದಾರೆ.

ಸಿಂಪ್ಲೆಕ್ಸ್‌ನಲ್ಲಿ ಎಷ್ಟು ದೂರ ಹೋಗುತ್ತೆ ಅನ್ನುವುದಕ್ಕೆ ನಾನು ಒಂದು ಚಿಕ್ಕ ಲೆಕ್ಕ ಇಟ್ಟುಕೊಂಡಿದ್ದೇನೆ. ಆಂಟೆನಾದ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ದಿಗಂತ ಕಿಲೋಮೀಟರ್‌ನಲ್ಲಿ ಸಿಗುತ್ತದೆ. ಕೈಯಲ್ಲಿ ಹಿಡಿದ ರೇಡಿಯೋ, ಅಂದಾಜು ಒಂದೂವರೆ ಮೀಟರ್ ಎತ್ತರ, ಐದು ಕಿಲೋಮೀಟರ್. ಎದುರಿನವನದೂ ಐದು. ಬಟ್ಟ ಬಯಲಿನಲ್ಲಿ ಒಟ್ಟು ಹತ್ತು. ನಡುವೆ ಕಟ್ಟಡ, ಮರ ಬಂದರೆ ಇನ್ನೂ ಕಮ್ಮಿ. ಅದೇ ಆಂಟೆನಾ ಹತ್ತು ಮೀಟರ್ ಮೇಲೆ ಹೋದರೆ ಒಬ್ಬನದೇ 13 ಕಿಲೋಮೀಟರ್. ನೂರು ಮೀಟರ್ ಎತ್ತರದ ಗುಡ್ಡದ ಮೇಲೆ ನಿಂತರೆ 41. ಹ್ಯಾಂಡಿಯ 5 ವಾಟನ್ನು 50 ಮಾಡುವ ಆಂಪ್ಲಿಫೈಯರ್ ಕೊಳ್ಳೋಣ ಅಂತ ಯಾರಾದರೂ ಕೇಳಿದರೆ, ಮೊದಲು ಆಂಟೆನಾ ಮೇಲೇರಿಸಿ ಅನ್ನುತ್ತೇನೆ. ಮೇಲೇರಿಸಿದ್ದು ಕೇಳುವುದಕ್ಕೂ ಉಪಯೋಗಕ್ಕೆ ಬರುತ್ತದೆ, ವಾಟ್ ಬರೀ ಕಳಿಸುವುದಕ್ಕೆ.

ಮನೆ ಮೇಲೆ ನಾನು ಹಾಕಿರುವುದು ಕೈಯಲ್ಲೇ ಮಾಡಿದ ಕ್ವಾರ್ಟರ್ ವೇವ್ ಗ್ರೌಂಡ್ ಪ್ಲೇನ್. ನೆಟ್ಟಗೆ ಒಂದು ತಂತಿ, ಬುಡದಿಂದ ಓರೆಯಾಗಿ ಕೆಳಗಿಳಿಯುವ ನಾಲ್ಕು ತಂತಿ. ಉದ್ದಕ್ಕೆ 71.5ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಬೇಕು. 145ಕ್ಕೆ 49 ಸೆಂಟಿಮೀಟರ್ ಚಿಲ್ಲರೆ ಬರುತ್ತದೆ. ಸ್ವಲ್ಪ ಉದ್ದವಾಗಿಯೇ ಕತ್ತರಿಸಿ, ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾದಿಂದ ಎಷ್ಟು ಶಕ್ತಿ ವಾಪಸ್ ಬರುತ್ತಿದೆ ಅಂತ ತೋರಿಸುವುದು) ನೋಡುತ್ತಾ ಮಿಲಿಮೀಟರ್ ಲೆಕ್ಕದಲ್ಲಿ ಕಡಿಮೆ ಮಾಡುತ್ತಾ ಬನ್ನಿ. ಎರಡು ಮೆಗಾಹರ್ಟ್ಸ್ ಅಗಲಕ್ಕೂ ಇದೊಂದೇ ಸಾಕು. ಕೇಬಲ್ ವಿಷಯದಲ್ಲಿ ಜಿಪುಣತನ ಬೇಡ. ತೆಳ್ಳಗಿನ ಆರ್‌ಜಿ-58 ಇಪ್ಪತ್ತು ಮೀಟರ್ ಎಳೆದರೆ ಈ ಬ್ಯಾಂಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಶಕ್ತಿ ಕೇಬಲ್‌ನಲ್ಲೇ ಬಿಸಿಯಾಗಿ ಹೋಗುತ್ತದೆ. ದಪ್ಪನೆಯ ಆರ್‌ಜಿ-213 ಹಾಕಿದರೆ ಆ ನಷ್ಟ ಡೆಸಿಬಲ್ ಲೆಕ್ಕದಲ್ಲಿ ಅರ್ಧಕ್ಕಿಳಿಯುತ್ತದೆ.

ಅಗ್ಗದ ಹ್ಯಾಂಡಿಗೆ ದೊಡ್ಡ ಆಂಟೆನಾ ಜೋಡಿಸಿದಾಗ ಇನ್ನೊಂದು ತಮಾಷೆ ನಡೆಯುತ್ತದೆ. ಸಿಗ್ನಲ್ ಜಾಸ್ತಿಯಾಗುವ ಬದಲು ಬ್ಯಾಂಡ್ ಮೌನವಾಗಿಬಿಡುತ್ತದೆ. ಹತ್ತಿರದ ಎಫ್‌ಎಂ ಪ್ರಸಾರ ಕೇಂದ್ರ, ಬೇರೆ ಟವರ್‌ಗಳ ಸಿಗ್ನಲ್ ಎಲ್ಲ ಒಟ್ಟಿಗೆ ಒಳನುಗ್ಗಿ ರಿಸೀವರ್ ಕಿವುಡಾಗುತ್ತದೆ. ಎರಡು ಮೀಟರ್‌ಗೆ ಮಾತ್ರ ದಾರಿ ಬಿಡುವ ಬ್ಯಾಂಡ್‌ಪಾಸ್ ಫಿಲ್ಟರ್ ನಡುವೆ ಹಾಕಿದರೆ ಸರಿಹೋಗುತ್ತದೆ. ಇದು ಗೊತ್ತಿಲ್ಲದವರು ಆಂಟೆನಾ ಕೆಟ್ಟಿದೆ ಅಂತ ಬಿಚ್ಚಿ ಎಸೆಯುತ್ತಾರೆ.

ರಿಪೀಟರ್‌ಗಳು ಎರಡನೇ ಬ್ಯಾಂಕ್. ದಿನದ ಮಾತುಕತೆ ಹೆಚ್ಚು ನಡೆಯುವುದು ಇಲ್ಲೇ. ಒಂದನೇ ವಲಯದ ಪ್ಲಾನ್‌ನಲ್ಲಿ ರಿಪೀಟರ್ 145.000ದಿಂದ 145.1875ರ ನಡುವೆ ಕೇಳಿಸಿಕೊಳ್ಳುತ್ತದೆ, 145.600ರಿಂದ 145.7875ರ ನಡುವೆ ಹೇಳುತ್ತದೆ. ಎರಡರ ನಡುವಿನ ಅಂತರ 600 ಕಿಲೋಹರ್ಟ್ಸ್. ಹಾಗಾಗಿ 145.650ರಲ್ಲಿ ಕೇಳುವ ರಿಪೀಟರ್‌ಗೆ ನಾವು ಕಳಿಸಬೇಕಾದ್ದು 145.050ರಲ್ಲಿ. ರೇಡಿಯೋದಲ್ಲಿ ಶಿಫ್ಟ್ ಮೈನಸ್, ಆಫ್‌ಸೆಟ್ 0.600 ಅಂತ ಹಾಕಿದರೆ ಪಿಟಿಟಿ (ಮಾತಾಡಲು ಒತ್ತುವ ಬಟನ್) ಒತ್ತಿದಾಗ ತಾನೇ ಕೆಳಗಿಳಿಯುತ್ತದೆ. 148ರ ತನಕ ಬ್ಯಾಂಡ್ ಇರುವ ಕಡೆ ಪ್ಲಸ್ ಶಿಫ್ಟ್‌ನ ರಿಪೀಟರ್‌ಗಳೂ ಇವೆ. ಅದಕ್ಕೇ ಪಟ್ಟಿಯಲ್ಲಿ ಚಿಹ್ನೆ ನೋಡದೆ ತುಂಬಬಾರದು.

ಇನ್ನು ಟೋನ್. ರಿಪೀಟರ್ ಸಿಕ್ಕಿದೆ, ಬೇರೆಯವರು ಮಾತಾಡುವುದು ಕೇಳುತ್ತಿದೆ, ನಾನು ಒತ್ತಿದರೆ ಮಾತ್ರ ಏನೂ ಆಗುವುದಿಲ್ಲ. ಹೊಸಬರ ದೂರು ಹತ್ತರಲ್ಲಿ ಎಂಟು ಸಲ ಇದೇ. ಸುಮ್ನೆ ಬರುವ ಗಲಾಟೆಗೆಲ್ಲ ರಿಪೀಟರ್ ತೆರೆದುಕೊಳ್ಳಬಾರದು ಅಂತ ಅದಕ್ಕೆ ಬೀಗ ಹಾಕಿರುತ್ತಾರೆ. ನಮ್ಮ ಧ್ವನಿಯ ಕೆಳಗೆ ಸಣ್ಣದಾಗಿ ಒಂದು ಟೋನ್ ಹೋಗುತ್ತಿದ್ದರೆ ಮಾತ್ರ ಅದು ತೆರೆಯುತ್ತದೆ. ಇದಕ್ಕೆ ಸಿಟಿಸಿಎಸ್‌ಎಸ್ ಅನ್ನುತ್ತಾರೆ. 67.0 ಹರ್ಟ್ಸ್‌ನಿಂದ 254.1ರ ತನಕ ನಿಗದಿಯಾದ ಮೆಟ್ಟಿಲುಗಳಿವೆ. 88.5, 100.0, 123.0 ಆಗಾಗ ಕಾಣುವವು. ಯೂರೋಪಿನ ಕೆಲವು ಹಳೆಯ ರಿಪೀಟರ್‌ಗಳಿಗೆ ಮೊದಲು 1750 ಹರ್ಟ್ಸ್‌ನ ಒಂದು ಶಿಳ್ಳೆ ಬೇಕು.

ನಾನು ಟೋನನ್ನು ಕಳಿಸುವ ಕಡೆ ಮಾತ್ರ ಹಾಕುತ್ತೇನೆ, ಕೇಳುವ ಕಡೆ ಹಾಕುವುದಿಲ್ಲ. ಎಲ್ಲ ರಿಪೀಟರ್‌ಗಳೂ ತಮ್ಮ ಔಟ್‌ಪುಟ್‌ನಲ್ಲಿ ಟೋನ್ ಕಳಿಸುವುದಿಲ್ಲ. ಕೇಳುವ ಕಡೆಗೂ ಬೀಗ ಹಾಕಿಕೊಂಡರೆ ಅಂಥ ರಿಪೀಟರ್ ಬೊಬ್ಬೆ ಹೊಡೆದರೂ ನಮ್ಮ ರೇಡಿಯೋ ಮೌನ. ಟೋನ್ ಯಾವುದು ಅಂತ ಗೊತ್ತಿಲ್ಲದಿದ್ದಾಗ ರೇಡಿಯೋದ ಟೋನ್ ಸ್ಕ್ಯಾನ್ ಒಂದು ದಾರಿ. ಯಾರಾದರೂ ಮಾತಾಡುವಾಗ ಒತ್ತಿದರೆ ಅದು ಹುಡುಕಿ ಹೇಳುತ್ತದೆ. ಔಟ್‌ಪುಟ್‌ನಲ್ಲಿ ಸಿಗದಿದ್ದರೆ ಇನ್‌ಪುಟ್‌ಗೆ ತಿರುಗಿಸಿ, ಹತ್ತಿರದ ಹ್ಯಾಮ್ ಮಾತಾಡುವಾಗ ಹಿಡಿಯಿರಿ. ಅವರು ಕಳಿಸುವ ಟೋನ್ ಅಲ್ಲಿ ಇದ್ದೇ ಇರುತ್ತದೆ.

ಇನ್‌ಪುಟ್‌ಗೆ ತಿರುಗಿಸುವುದಕ್ಕೆ ಹೆಚ್ಚಿನ ರೇಡಿಯೋಗಳಲ್ಲಿ ರಿವರ್ಸ್ ಬಟನ್ ಇದೆ. ಇಷ್ಟು ಉಪಯೋಗದ ಬಟನ್ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ರಿಪೀಟರ್‌ನಲ್ಲಿ ಯಾರ ಜೊತೆಗೋ ಮಾತಾಡುವಾಗ ಒಮ್ಮೆ ಅದನ್ನು ಒತ್ತಿ. ಅವರ ಸಿಗ್ನಲ್ ನೇರವಾಗಿ ಚೆನ್ನಾಗಿ ಬರುತ್ತಿದ್ದರೆ ಇಬ್ಬರಿಗೂ ರಿಪೀಟರ್ ಬೇಕಿಲ್ಲ. ಸಿಂಪ್ಲೆಕ್ಸ್‌ಗೆ ಹೋಗಿ, ದೂರದವರಿಗೆ ಜಾಗ ಬಿಡಿ. ಮತ್ತೆ, ಕಾಲ್‌ಸೈನ್ ಹೇಳದೆ ಸುಮ್ನೆ ಪಿಟಿಟಿ ಒತ್ತಿ ರಿಪೀಟರ್ ಬಾಲ (ನಾವು ಬಿಟ್ಟ ಮೇಲೂ ಅದು ಸ್ವಲ್ಪ ಹೊತ್ತು ಕಳಿಸುತ್ತಿರುವುದು) ಅಲ್ಲಾಡಿಸಿ ನೋಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ‘ಟೆಸ್ಟಿಂಗ್’ ಅಂತ ಒಂದು ಮಾತು, ಜೊತೆಗೆ ಕಾಲ್‌ಸೈನ್, ಎಷ್ಟು ಹೊತ್ತು ಬೇಕು?

ಈಗ ಕೆಳಗಿನ ಊರಿಗೆ ಬರೋಣ. ನನಗೆ ಹೆಚ್ಚು ಇಷ್ಟವಾದ ಭಾಗ ಇದು. ಹ್ಯಾಂಡಿ ಇಲ್ಲಿ ಕೆಲಸಕ್ಕೆ ಬಾರದು. ಎಸ್‌ಎಸ್‌ಬಿ ಇರುವ ಆಲ್-ಮೋಡ್ ರೇಡಿಯೋ, ಅಡ್ಡ ಮಲಗಿಸಿದ ಯಾಗಿ (ಒಂದು ದಿಕ್ಕಿಗೆ ಗುರಿಯಿಡುವ) ಆಂಟೆನಾ ಬೇಕು. ಎಫ್‌ಎಂನವರ ಆಂಟೆನಾ ನೆಟ್ಟಗೆ, ಎಸ್‌ಎಸ್‌ಬಿಯವರದು ಅಡ್ಡ. ಇದು ಬರೀ ಸಂಪ್ರದಾಯ ಅಂತ ತಳ್ಳಿಹಾಕಬೇಡಿ. ಒಬ್ಬರದು ಅಡ್ಡ, ಇನ್ನೊಬ್ಬರದು ನೆಟ್ಟಗೆ ಆದರೆ 20 ಡೆಸಿಬಲ್‌ನಷ್ಟು ಕಳೆದುಹೋಗಬಹುದು, ಅಂದರೆ ನೂರರಲ್ಲಿ ಒಂದು ಪಾಲು ಉಳಿಯುತ್ತದೆ.

144.300 ಇಲ್ಲಿಯ ನಡುಮನೆ. ಒಂದನೇ ವಲಯದಲ್ಲಿ ಎಸ್‌ಎಸ್‌ಬಿಯವರು ಸೇರುವ ಜಾಗ. ಅಮೆರಿಕದಲ್ಲಿ ಅದು 144.200. ಮೋರ್ಸ್‌ನವರು 144.050ರಲ್ಲಿ ಕರೆಯುತ್ತಾರೆ. ದಿನವಿಡೀ ಮೌನ ಇದ್ದು, ಸಂಜೆ ಹೊತ್ತಿಗೆ ಅಥವಾ ಸ್ಪರ್ಧೆಯ ವಾರಾಂತ್ಯದಲ್ಲಿ ಜೀವ ಬರುತ್ತದೆ. ಹೆಸರಿಗಿಂತ ಮೊದಲು ಗ್ರಿಡ್ ಲೊಕೇಟರ್ (ಭೂಪಟದಲ್ಲಿ ನಾವಿರುವ ಚೌಕದ ಸಂಕೇತ) ಕೇಳುತ್ತಾರೆ, ಯಾಕಂದರೆ ಇಲ್ಲಿ ಎಲ್ಲರಿಗೂ ಬೇಕಿರುವುದು ದೂರದ ಲೆಕ್ಕ. ಅದೇ ವಾಟ್‌ನಲ್ಲಿ ಎಸ್‌ಎಸ್‌ಬಿ ಎಫ್‌ಎಂಗಿಂತ ದೂರ ಮುಟ್ಟುತ್ತದೆ. ಅದು ಆಕ್ರಮಿಸುವುದು ಮೂರು ಕಿಲೋಹರ್ಟ್ಸ್‌ಗಿಂತ ಕಮ್ಮಿ, ಹಾಗಾಗಿ ರಿಸೀವರ್‌ಗೆ ಬರುವ ಗಲಾಟೆಯೂ ಕಮ್ಮಿ. ಎಫ್‌ಎಂ ಒಂದು ಮಟ್ಟದ ಕೆಳಗೆ ಹೋದರೆ ಒಮ್ಮೆಲೇ ಕುಸಿಯುತ್ತದೆ. ಎಸ್‌ಎಸ್‌ಬಿ ಗಲಾಟೆಯೊಳಗಿಂದಲೂ ಅರ್ಧಂಬರ್ಧ ಕೇಳುತ್ತಲೇ ಇರುತ್ತದೆ.

ಆ 16 ಕಿಲೋಹರ್ಟ್ಸ್ ಲೆಕ್ಕ ಈಗ ನೆನಪು ಮಾಡಿಕೊಳ್ಳಿ. 144.300ರ ಪಕ್ಕ ಯಾರೋ ಎಫ್‌ಎಂ ಹ್ಯಾಂಡಿಯಲ್ಲಿ ಹರಟೆ ಶುರು ಮಾಡಿದರೆ, ಐದಾರು ಎಸ್‌ಎಸ್‌ಬಿ ಮಾತುಕತೆಗಳ ಜಾಗ ಒಮ್ಮೆಗೇ ಹೋಯಿತು. ಪಿಸುಮಾತು ಆಡುವವರ ಪಕ್ಕ ಮಿಕ್ಸಿ ಹಾಕಿದ ಹಾಗೆ. ಹರಟುವವರಿಗೆ ಗೊತ್ತೂ ಆಗುವುದಿಲ್ಲ, ಅವರ ಎಫ್‌ಎಂ ಕಿವಿಗೆ ಆ ಎಸ್‌ಎಸ್‌ಬಿ ಕೇಳುವುದೇ ಇಲ್ಲ. ಹಾಗಾಗಿ ಹ್ಯಾಂಡಿಯಲ್ಲಿ ‘ಖಾಲಿ ಜಾಗ’ ಹುಡುಕುವವರಿಗೆ ನಾನು ಒಂದೇ ಮಾತು ಹೇಳುತ್ತೇನೆ: 144.500ರ ಕೆಳಗೆ ಎಫ್‌ಎಂ ಒತ್ತಬೇಡಿ, ಎಷ್ಟೇ ಖಾಲಿ ಕಂಡರೂ.

144.174 ನನ್ನ ಡಯಲ್ ಜಾಸ್ತಿ ಹೊತ್ತು ಕೂರುವ ಜಾಗ. ಎಫ್‌ಟಿ8 ಅಲ್ಲಿದೆ. ಯುಎಸ್‌ಬಿ ಮೋಡ್‌ನಲ್ಲಿ (ಕಂಪ್ಯೂಟರ್‌ನ ಯುಎಸ್‌ಬಿ ಅಲ್ಲ, ಎಸ್‌ಎಸ್‌ಬಿಯ ಒಂದು ಬಗೆ) ಇಟ್ಟು ಕಂಪ್ಯೂಟರ್‌ಗೆ ಧ್ವನಿ ಕೊಟ್ಟರೆ, 15 ಸೆಕೆಂಡಿನ ಸರದಿಯಲ್ಲಿ ಕಳಿಸುವುದು, ಕೇಳುವುದು ನಡೆಯುತ್ತದೆ. ಕಂಪ್ಯೂಟರ್ ಗಡಿಯಾರ ಸೆಕೆಂಡಿನ ಒಳಗೆ ಸರಿ ಇರಬೇಕು, ಏನೂ ಡಿಕೋಡ್ ಆಗದಿದ್ದರೆ ಮೊದಲು ಅದನ್ನೇ ನೋಡಿ. ಇದರಲ್ಲಿ ಮಾತಿಲ್ಲ, ಕಾಲ್‌ಸೈನ್, ಗ್ರಿಡ್, ಸಿಗ್ನಲ್ ರಿಪೋರ್ಟ್ ಇಷ್ಟೇ. ಕೆಲವರಿಗೆ ಬೇಜಾರು. ನನಗೆ ಇದು ಬ್ಯಾಂಡ್ ತೆರೆದಿದೆಯೋ ಇಲ್ಲವೋ ಅಂತ ಹೇಳುವ ಸಾಧನ. ದೂರದ ಗ್ರಿಡ್ ಒಂದು ಡಿಕೋಡ್ ಆದರೆ ಎದ್ದು 144.300ಕ್ಕೆ ಹೋಗಿ ಬಾಯಿಂದಲೇ ಕರೆಯುತ್ತೇನೆ. ಉಲ್ಕೆಗಳ ಬಾಲದಿಂದ ಸಿಗ್ನಲ್ ಪುಟಿಸುವವರು 144.360ರಲ್ಲಿ ಎಂಎಸ್‌ಕೆ144 ಅನ್ನೋ ಡಿಜಿಟಲ್ ಮೋಡ್ ಬಳಸುತ್ತಾರೆ. ಆಗಸ್ಟ್‌ನ ಪರ್ಸೀಡ್, ಡಿಸೆಂಬರ್‌ನ ಜೆಮಿನಿಡ್ ಉಲ್ಕೆಮಳೆ ಅವರಿಗೆ ಹಬ್ಬ. ಇನ್ನು ಚಂದ್ರನಿಗೇ ಕಳಿಸಿ ಪ್ರತಿಧ್ವನಿ ಕೇಳುವ ಧೀರರೂ ಈ ಕೆಳಭಾಗದಲ್ಲೇ ಇದ್ದಾರೆ. ಹೋಗಿ ಬರುವುದಕ್ಕೆ ಎರಡೂವರೆ ಸೆಕೆಂಡ್. ಅಷ್ಟು ದೊಡ್ಡ ಆಂಟೆನಾ ನನ್ನ ಹತ್ತಿರ ಇಲ್ಲ.

ಬೀಕನ್‌ಗಳನ್ನು ಹೊಸಬರು ಕಡೆಗಣಿಸುತ್ತಾರೆ. 144.400ರಿಂದ 144.490ರ ತನಕದ ಜಾಗ ಅವುಗಳದ್ದು. ತಮ್ಮ ಕಾಲ್‌ಸೈನ್, ಗ್ರಿಡ್ ಎರಡನ್ನೂ ಮೋರ್ಸ್‌ನಲ್ಲಿ ಹೇಳುತ್ತಾ ಹಗಲು ರಾತ್ರಿ ನಡೆಯುತ್ತಿರುತ್ತವೆ. ಅಲ್ಲಿ ಕಳಿಸುವಂತಿಲ್ಲ, ಬರೀ ಕೇಳಬೇಕು. 144.450ರ ಬೀಕನ್ ಬೇಕಾದರೆ ಡಯಲನ್ನು ಯುಎಸ್‌ಬಿಯಲ್ಲಿ 144.449ಕ್ಕೆ ಇಡಿ. ಒಂದು ಕಿಲೋಹರ್ಟ್ಸ್‌ನ ಶಿಳ್ಳೆಯಾಗಿ ಕೇಳುತ್ತದೆ. ಆಂಟೆನಾ ತಿರುಗಿಸುತ್ತಾ ಎಲ್ಲಿ ಜೋರು ಅಂತ ನೋಡಿದರೆ ಯಾಗಿಯ ದಿಕ್ಕು ಸರಿಯಿದೆಯೋ ಇಲ್ಲವೋ ಅದೂ ತಿಳಿಯುತ್ತದೆ. ನನಗೆ ಕೇಳುವ ಎರಡು ಬೀಕನ್‌ಗಳಿಗೆ ಮೆಮೊರಿ ಕೊಟ್ಟಿದ್ದೇನೆ: ಒಂದು ಯಾವಾಗಲೂ ಕೇಳುವುದು, ಇನ್ನೊಂದು ವಾತಾವರಣ ಸಹಕರಿಸಿದಾಗ ಮಾತ್ರ. ಎರಡನೆಯದು ಕೇಳಿತು ಅಂದರೆ ಆ ದಿನ ಬೇರೆ ಕೆಲಸ ಮುಂದಕ್ಕೆ ಹೋಗುತ್ತದೆ.

ವಾತಾವರಣ ಅಂದೆ. ಗಾಳಿ ನಿಂತ, ಒತ್ತಡ ಜಾಸ್ತಿ ಇರುವ ದಿನಗಳಲ್ಲಿ ಮೇಲೆ ಬಿಸಿ ಗಾಳಿ, ಕೆಳಗೆ ತಂಪು ಗಾಳಿ ಪದರ ಕಟ್ಟಿಕೊಳ್ಳುತ್ತದೆ. ಸಿಗ್ನಲ್ ಆ ಪದರದಲ್ಲಿ ಸಿಕ್ಕಿ ಬಾಗುತ್ತಾ ನೂರಾರು ಕಿಲೋಮೀಟರ್ ಹೋಗುತ್ತದೆ. ಬೆಳಗಿನ ಜಾವ, ಸಮುದ್ರದ ಮೇಲೆ ಇದು ಇನ್ನೂ ಚೆನ್ನ. ಇನ್ನೊಂದು ಬಗೆ ಸ್ಪೊರಾಡಿಕ್-ಇ, ಅಂದರೆ ತುಂಬಾ ಎತ್ತರದಲ್ಲಿ ಆಗೊಮ್ಮೆ ಮೂಡಿ ಸಿಗ್ನಲನ್ನು ಭೂಮಿಗೆ ಮರಳಿಸುವ ಪದರ. ಅದು ಈ ಎತ್ತರದ ಫ್ರೀಕ್ವೆನ್ಸಿಗೆ ಅಪರೂಪಕ್ಕೆ ಬರುತ್ತದೆ, ಬಂದರೆ ಸಾವಿರ ಕಿಲೋಮೀಟರ್‌ಗೂ ಆಚೆ ತಲುಪಿಸುತ್ತದೆ. ಸುಳಿವು ಹಿಡಿಯಲು ಸಾಮಾನ್ಯ ಎಫ್‌ಎಂ ರೇಡಿಯೋ ಸಾಕು. 88ರ ಕಡೆಯಿಂದ ದೂರದ, ಗೊತ್ತಿಲ್ಲದ ಭಾಷೆಯ ಸ್ಟೇಷನ್‌ಗಳು ಕೇಳಲು ಶುರುವಾಗಿ, ಮೇಲೆ ಏರುತ್ತಾ 108ರ ತನಕ ಬಂದರೆ, 144ಕ್ಕೂ ತೆರೆಯುವ ಸಾಧ್ಯತೆ ಇದೆ. ಆಗ ನಾನು ಡಯಲ್ ಬಿಟ್ಟು ಏಳುವುದಿಲ್ಲ.

ನಡುಭಾಗದ ಎಪಿಆರ್‌ಎಸ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಜಾಗ, ವೇಗ, ಹವಾಮಾನ, ಚಿಕ್ಕ ಸಂದೇಶಗಳನ್ನು 1200 ಬಾಡ್ ಪ್ಯಾಕೆಟ್‌ನಲ್ಲಿ ಕಳಿಸುವ ಪದ್ಧತಿ. ಯೂರೋಪಿನಲ್ಲಿ 144.800, ಉತ್ತರ ಅಮೆರಿಕದಲ್ಲಿ 144.390, ಆಸ್ಟ್ರೇಲಿಯಾದಲ್ಲಿ 145.175. ನಿಮ್ಮ ದೇಶದ್ದು ಯಾವುದು ಅಂತ ನೋಡಿ ಹಾಕಿಕೊಳ್ಳಿ. ಅಲ್ಲಿ ಮಾತಾಡಬಾರದು. ನಿಂತಲ್ಲೇ ನಿಂತ ಮನೆಯ ಸ್ಟೇಷನ್ ನಿಮಿಷಕ್ಕೊಮ್ಮೆ ‘ನಾನಿಲ್ಲಿದ್ದೇನೆ’ ಅಂತ ಸಾರುವ ಅಗತ್ಯವೂ ಇಲ್ಲ.

ಕೊನೆಯ ಬ್ಯಾಂಕ್ ಆಕಾಶದ್ದು. ಈ ಬ್ಯಾಂಡಿಗೂ ಆಕಾಶಕ್ಕೂ ಹಳೆಯ ನಂಟು. 1961ರ ಡಿಸೆಂಬರ್ 12ರಂದು ಹಾರಿದ ಆಸ್ಕರ್-1 ಹ್ಯಾಮ್‌ಗಳೇ ಕಟ್ಟಿದ ಮೊದಲ ಉಪಗ್ರಹ. ಸುಮಾರು 140 ಮಿಲಿವಾಟ್‌ನಲ್ಲಿ, 144.983ರಲ್ಲಿ, ಮೋರ್ಸ್‌ನಲ್ಲಿ ‘ಹಾಯ್’ ಅನ್ನುತ್ತಾ ಮೂರು ವಾರ ಸುತ್ತಿತು. ಒಳಗಿನ ಉಷ್ಣತೆ ಬದಲಾದಂತೆ ‘ಹಾಯ್’ ಹೇಳುವ ವೇಗವೂ ಬದಲಾಗುತ್ತಿತ್ತು. ಜನ ಅದನ್ನು ಎಣಿಸಿ ಉಪಗ್ರಹದ ಜ್ವರ ನೋಡುತ್ತಿದ್ದರು. 1983ರಲ್ಲಿ ಓವನ್ ಗ್ಯಾರಿಯಟ್ ಕೊಲಂಬಿಯಾ ಷಟಲ್‌ನಿಂದ ಎರಡು ಮೀಟರ್ ಹ್ಯಾಂಡಿ ಹಿಡಿದು ಭೂಮಿಯ ಹ್ಯಾಮ್‌ಗಳ ಜೊತೆ ಮಾತಾಡಿದರು. ಬಾಹ್ಯಾಕಾಶದಿಂದ ಹಾಗೆ ಮಾತಾಡಿದ ಮೊದಲ ಹ್ಯಾಮ್ ಅವರು.

ಈಗ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಸರದಿ. 145.800 ಅದರ ಕೆಳಗಿಳಿಯುವ ಧ್ವನಿ. ಶಾಲೆಯ ಮಕ್ಕಳ ಜೊತೆ ಗಗನಯಾತ್ರಿಗಳು ಮಾತಾಡುವುದು ಇದರಲ್ಲೇ. ಮಕ್ಕಳ ಧ್ವನಿ ನಮಗೆ ಕೇಳುವುದಿಲ್ಲ, ಉತ್ತರ ಮಾತ್ರ ಕೇಳುತ್ತದೆ. ಅದೂ ಒಂದು ಮಜಾ, ಪ್ರಶ್ನೆ ಏನಿರಬಹುದು ಅಂತ ಊಹಿಸುತ್ತಾ ಕೂರಬಹುದು. ಕೆಲವು ದಿನಗಳಲ್ಲಿ ಇದೇ ಫ್ರೀಕ್ವೆನ್ಸಿಯಲ್ಲಿ ಎಸ್‌ಎಸ್‌ಟಿವಿ (ಸದ್ದಿನ ರೂಪದಲ್ಲಿ ನಿಧಾನವಾಗಿ ಹೋಗುವ) ಚಿತ್ರ ಕಳಿಸುತ್ತಾರೆ. ಹೆಚ್ಚಾಗಿ ಪಿಡಿ120 ಬಗೆ, ಒಂದು ಚಿತ್ರಕ್ಕೆ ಎರಡು ನಿಮಿಷ. ಹ್ಯಾಂಡಿಯ ಸ್ಪೀಕರ್ ಪಕ್ಕ ಫೋನ್ ಹಿಡಿದು ರೋಬೋಟ್36 ಆ್ಯಪ್ ಓಡಿಸಿದರೆ ಚಿತ್ರ ಗೆರೆಗೆರೆಯಾಗಿ ಮೂಡುತ್ತದೆ. ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚುವ ವ್ಯವಸ್ಥೆ) ಪೂರ್ತಿ ತೆರೆದಿಡಿ, ಇಲ್ಲದಿದ್ದರೆ ಸಿಗ್ನಲ್ ಇಳಿದಾಗಲೆಲ್ಲ ಚಿತ್ರ ತುಂಡಾಗುತ್ತದೆ. ರಬ್ಬರ್ ಆಂಟೆನಾವನ್ನು ನೆಟ್ಟಗೆ ಹಿಡಿಯುವ ಬದಲು ಓರೆ ಮಾಡಿ, ತಿರುಗಿಸಿ, ಜೋರಾಗಿ ಕೇಳುವ ಕೋನ ಹುಡುಕುತ್ತಾ ಇರಬೇಕು.

ನಿಲ್ದಾಣ ಸೆಕೆಂಡಿಗೆ ಏಳೂವರೆ ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಓಡುವುದರಿಂದ ಡಾಪ್ಲರ್ (ವೇಗದಿಂದಾಗಿ ಫ್ರೀಕ್ವೆನ್ಸಿ ಸರಿದಂತೆ ಕಾಣುವುದು) ಇದೆ. ಬರುವಾಗ ಸುಮಾರು ಮೂರೂವರೆ ಕಿಲೋಹರ್ಟ್ಸ್ ಮೇಲೆ, ಹೋಗುವಾಗ ಅಷ್ಟೇ ಕೆಳಗೆ. ಎಫ್‌ಎಂನ ಅಗಲದ ಫಿಲ್ಟರ್‌ನಲ್ಲಿ ಇದು ತಡೆದುಕೊಳ್ಳುತ್ತದೆ. ಹಾಗಾಗಿ ನಾನು 145.800ರಲ್ಲೇ ಬಿಡುತ್ತೇನೆ, ನ್ಯಾರೋಗೆ (ಕಿರಿದಾದ ಫಿಲ್ಟರ್‌ಗೆ) ಮಾತ್ರ ಹಾಕುವುದಿಲ್ಲ. 145.825ರಲ್ಲಿ ಅದರ ಪ್ಯಾಕೆಟ್ ರಿಪೀಟರ್ ಇದೆ. 145.990 ಅದರ ಧ್ವನಿ ರಿಪೀಟರ್‌ಗೆ ಹತ್ತುವ ದಾರಿ, 67.0 ಟೋನ್ ಸಮೇತ. ಇಳಿಯುವುದು 437.800ರಲ್ಲಿ, ಅಲ್ಲಿ ಡಾಪ್ಲರ್ ಮೂರು ಪಟ್ಟು, ತಿರುಗಿಸುತ್ತಲೇ ಇರಬೇಕು. ಎಸ್‌ಒ-50 ಉಪಗ್ರಹದ್ದೂ ಇಂಥದ್ದೇ ಏರ್ಪಾಡು: ಹತ್ತಲು 145.850, ಅದೇ 67.0 ಟೋನ್, ಇಳಿಯಲು 436.795. ಹತ್ತುವ ಬ್ಯಾಂಡಿನ ಮೂರು ಪಟ್ಟು ಇಳಿಯುವ ಬ್ಯಾಂಡಿನ ಹತ್ತಿರವೇ ಬೀಳುತ್ತದೆ. ಅದಕ್ಕೇ ಒಂದೇ ಕಡೆ ಎರಡು ರೇಡಿಯೋ ಇಟ್ಟು ಕಳಿಸುತ್ತಾ ಕೇಳಲು ಹೋದರೆ ನಮ್ಮ ಸಿಗ್ನಲ್ಲೇ ನಮ್ಮ ಕಿವಿ ಮುಚ್ಚುತ್ತದೆ. ನಡುವೆ ಡಿಪ್ಲೆಕ್ಸರ್ (ಎರಡು ಬ್ಯಾಂಡ್‌ಗಳನ್ನು ಬೇರ್ಪಡಿಸುವ ಫಿಲ್ಟರ್) ಹಾಕಿದ ಮೇಲೆ ನನಗೆ ನನ್ನ ಧ್ವನಿ ವಾಪಸ್ ಕೇಳಲು ಸಾಧ್ಯವಾಯಿತು.

ಕೇಳುವುದಕ್ಕಷ್ಟೇ ಇರುವ ಮೆಮೊರಿಗಳಲ್ಲಿ, ಅಂದರೆ 145.800 ಮತ್ತು ಬೀಕನ್‌ಗಳಲ್ಲಿ, ನಾನು ಕಳಿಸುವುದನ್ನೇ ಬಂದ್ ಮಾಡಿಟ್ಟಿದ್ದೇನೆ. ಚಿರ್ಪ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಆ ಚಾನೆಲ್‌ನ ಡ್ಯೂಪ್ಲೆಕ್ಸ್ ಕಾಲಂನಲ್ಲಿ ‘ಆಫ್’ ಆರಿಸಿದರೆ ಸಾಕು. ಜೇಬಿನಲ್ಲಿ ಪಿಟಿಟಿ ಒತ್ತಿ ಹೋದರೂ ಏನೂ ಹೊರಡುವುದಿಲ್ಲ. ಇದೇ ಸಾಫ್ಟ್‌ವೇರ್‌ನಲ್ಲಿ ಶಿಫ್ಟ್, ಟೋನ್, ಹೆಸರು ಎಲ್ಲ ಒಂದೇ ಪಟ್ಟಿಯಲ್ಲಿ ಕಾಣುವುದರಿಂದ ರೇಡಿಯೋದ ಮೆನುಗಳಲ್ಲಿ ಪರದಾಡಬೇಕಿಲ್ಲ. ಹೊಸ ರೇಡಿಯೋಗೆ ಬರೆಯುವ ಮೊದಲು ಅದರೊಳಗಿರುವುದನ್ನು ಒಮ್ಮೆ ಓದಿ ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಸ್ಕ್ಯಾನ್‌ಗೆ ನಾನು ಸೇರಿಸಿರುವುದು ಕಾಲಿಂಗ್ ಚಾನೆಲ್, ಎರಡು ರಿಪೀಟರ್, 145.800 ಇಷ್ಟೇ. ಪಟ್ಟಿ ಉದ್ದವಾದಷ್ಟೂ ಒಂದು ಸುತ್ತು ಬರಲು ಜಾಸ್ತಿ ಹೊತ್ತು ಹಿಡಿಯುತ್ತದೆ, ಚಿಕ್ಕ ಕರೆಗಳು ತಪ್ಪಿಹೋಗುತ್ತವೆ. ಎಪಿಆರ್‌ಎಸ್ ಚಾನೆಲ್ ಸ್ಕ್ಯಾನ್‌ನಲ್ಲಿ ಬೇಡವೇ ಬೇಡ, ಪ್ರತಿ ಪ್ಯಾಕೆಟ್‌ಗೂ ರೇಡಿಯೋ ಅಲ್ಲೇ ನಿಂತುಬಿಡುತ್ತದೆ.